ಜಾಂಬೋಟಿಯ ಜೇನಿಗೆ ಧಾರವಾಡದ ದಾರಿ

ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿ ಕಡೆ ಹೊರಳಿದರೆ ಕಾಡು ದಟ್ಟವಾಗುತ್ತದೆ. ಎತ್ತರದ ಕೊಂಬೆಗೆ ಜೋತುಬಿದ್ದ ಹೆಜ್ಜೇನು, ಪೊಟರೆಯೊಳಗೆ ತುಡುವೆ (ಮರಾಠಿ ಮಾತಿನ ಮನೆಗಳಲ್ಲಿ ಅದು ಸಾತೇರಿ), ಪೊದೆಯಲ್ಲಿ ಅಂಗೈಯಗಲದ ಕೋಲುಜೇನು, ಗೋಡೆಯ ಸಂದಿನಲ್ಲಿ ಚುಚ್ಚಲು ಬಾರದ ಮುಜಂಟಿ. ಯುರೋಪಿನವರಿಗೆ ಸ್ವಂತ ನೆಲದಲ್ಲಿ ಸಿಗುವ ಹೆಜ್ಜೇನು-ತುಡುವೆ ಬಳಗದ ಜೇನು ಒಂದೇ ಜಾತಿಯದು; ನಮ್ಮ ಪಠ್ಯಪುಸ್ತಕಗಳನ್ನು ತುಂಬಿರುವುದೂ ಅದೇ. ಜೇನಿನ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಹೊರಡುವ ಇಲ್ಲಿನ ಹುಡುಗಿಗೆ ವಿಷಯದ ಬರವೇನಿಲ್ಲ. ತೊಡಕಿರುವುದು ದಾರಿಯಲ್ಲಿ.

ಆ ದಾರಿ ಪಿಯುಸಿ ಮುಗಿದ ಕೂಡಲೇ ಕವಲೊಡೆಯುತ್ತದೆ. ಬಿ.ಎಸ್ಸಿ. (ಕೃಷಿ) ಓದಿದವರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗವಿದೆ, ಬೆಂಗಳೂರಿನ ಜಿಕೆವಿಕೆಯಲ್ಲಿ ಜೇನು ಕೃಷಿಗೆಂದೇ ವಿಭಾಗವಿದೆ. ಬೆಳಗಾವಿಯಲ್ಲಿ ಬರೀ ಬಿ.ಎಸ್ಸಿ. ಮಾಡಿದವರಿಗೆ ಆ ಬಾಗಿಲು ಸಾಮಾನ್ಯವಾಗಿ ತೆರೆಯದು. ಅವರು ಕರ್ನಾಟಕ ವಿಶ್ವವಿದ್ಯಾಲಯದಂಥ ಕಡೆ ಪ್ರಾಣಿಶಾಸ್ತ್ರ ಓದಿ, ನೆಟ್ ಬರೆದು, ಫೆಲೋಶಿಪ್ ಹಿಡಿಯಬೇಕು. 2023ರಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂಪಾಯಿ. ಮನೆಯವರನ್ನು ಒಪ್ಪಿಸಲು ಈ ಅಂಕಿ ಜೇನಿನ ಮಹಿಮೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸುತ್ತಿ ಬಂದವರೂ ಇದ್ದಾರೆ. ರಾಘವೇಂದ್ರ ಗದಗ್ಕರ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1979ರಲ್ಲಿ ಪಿಎಚ್.ಡಿ. ಪಡೆದದ್ದು ಅಣುಜೀವಶಾಸ್ತ್ರದಲ್ಲಿ. ಹೆಸರಾದದ್ದು ಮಾತ್ರ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ದಿನಗಳಿಂದ ನೋಡುತ್ತಿದ್ದ ಕಣಜಗಳ ಅಧ್ಯಯನದಿಂದ. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆಯಿಟ್ಟು, ಯಾವುದು ಏನು ಮಾಡುತ್ತದೆಂದು ತಾಳ್ಮೆಯಿಂದ ಬರೆದಿಡುವ ಕೆಲಸ ಅದು. ದುಬಾರಿ ಯಂತ್ರ ಇಲ್ಲವೆಂದು ಕೈಕಟ್ಟಿ ಕೂರುವವರು ಇದನ್ನು ಗಮನಿಸಬೇಕು.

ಜೇನಿನ ಕುಣಿತವನ್ನೇ ನೋಡಿ. ಮೇವು ಕಂಡುಬಂದ ನೊಣ ಹೊಟ್ಟೆ ಅಲ್ಲಾಡಿಸುತ್ತ ಎರಿಯ ಮೇಲೆ ಓಡುತ್ತದೆ. ನೇರ ಮೇಲಕ್ಕೆ ಓಡಿದರೆ ಸೂರ್ಯನ ದಿಕ್ಕು. ಓರೆಯಾದಷ್ಟೂ ಮೇವು ಸೂರ್ಯನಿಂದ ಪಕ್ಕಕ್ಕೆ. ಎಷ್ಟು ಹೊತ್ತು ಅಲ್ಲಾಡಿತೋ ಅಷ್ಟು ದೂರ. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಶಿಷ್ಯ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕಾಕ್ಕೆ ಬಂದು ನಮ್ಮ ಜೇನುಗಳನ್ನೂ ನೋಡಿದರು. ಕೋಲುಜೇನು ಎರಿಯ ಮೇಲ್ಭಾಗದ ಸಮತಟ್ಟಿನಲ್ಲಿ ಕುಣಿದು ನೇರವಾಗಿ ಮೇವಿನ ಕಡೆಗೇ ಮುಖ ಮಾಡುತ್ತದೆ. ದಕ್ಷಿಣ ಭಾರತದಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ತಂಡವೂ ಇತ್ತು: ಒಂದೇ ದೂರವನ್ನು ಹೇಳಲು ತುಡುವೆ ಹೆಜ್ಜೇನಿಗಿಂತ ಹೆಚ್ಚು ಹೊತ್ತು ಕುಣಿಯುತ್ತದೆ. ದೂರ ಹಾರುವ ಹೆಜ್ಜೇನು ಚುಟುಕಾಗಿ ಮುಗಿಸುತ್ತದೆ.

ಭೀಮಗಡ ಅಭಯಾರಣ್ಯದೊಳಗೆ ಕೆಲಸವೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಗದ ಓಡಾಡುವಷ್ಟರಲ್ಲಿ ನೇರಳೆ ಹೂವಿನ ಕಾಲ ಮುಗಿದೀತು. ಹಾಗಾಗಿ ಮೊದಲ ವರ್ಷಕ್ಕೆ ಊರಂಚಿನ ಹಿತ್ತಲೇ ಲೇಸು: ಗಾಜಿನ ಗೋಡೆಯ ಪೆಟ್ಟಿಗೆಯಲ್ಲಿ ಒಂದು ತುಡುವೆ ಕುಟುಂಬ, ಕೋನಮಾಪಕ, ಮೊಬೈಲ್ ಕ್ಯಾಮೆರಾ. ಹೆಜ್ಜೇನಿಗೆ ಗಾಜೂ ಬೇಡ, ಎರಿ ಬಯಲಿನಲ್ಲೇ ಇರುತ್ತದೆ. ಅದಕ್ಕೆ ಬೇಕಾದದ್ದು ದುರ್ಬೀನು, ಮತ್ತು ಓಡಲು ತಯಾರಾಗಿರುವ ಕಾಲು.