ಆದೇಶ ಬಂತು, ಹಣ ಬರಲಿಲ್ಲ: ಮಕ್ಕಳ ಜೀವನಾಂಶ ಮತ್ತು ಬ್ಯಾಂಕ್ ಖಾತೆಯ ತಡೆ



ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಗಾದೆ ನಿಮಗೆ ಗೊತ್ತೇ ಇದೆ. ಮಕ್ಕಳ ಜೀವನಾಂಶದ ವಿಷಯದಲ್ಲಿ ಎಷ್ಟೋ ತಾಯಂದಿರ ಪಾಡು ಹೀಗೇ ಆಗುತ್ತದೆ. ಕೋರ್ಟು ಆದೇಶ ಕೊಡುತ್ತದೆ, ಹಣ ಮಾತ್ರ ಕೈಗೆ ಬರುವುದಿಲ್ಲ. ಈ ಸಂಚಿಕೆಯಲ್ಲಿ ಅದರ ಬಗ್ಗೆಯೇ ಸ್ವಲ್ಪ ಮಾತಾಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಯಿ ಮಗು ಕಲಬುರಗಿಯಲ್ಲಿದ್ದಾರೆ. ಮಗುವಿಗೆ ತಿಂಗಳಿಗೆ 8,000 ರೂಪಾಯಿ ಕೊಡಬೇಕೆಂದು ಅಲ್ಲಿನ ಕೋರ್ಟು ಆದೇಶ ಮಾಡಿದೆ. ತಂದೆ ಇಲ್ಲಿ ಉಪ್ಪಲ್‌ನಲ್ಲಿ ಕೆಲಸಕ್ಕಿದ್ದಾರೆ. ಮೂರು ತಿಂಗಳು ಹಣ ಕಳಿಸಿದರು, ಆಮೇಲೆ ನಿಂತಿತು. ಈಗ 14 ತಿಂಗಳ ಬಾಕಿ. ಸ್ಕೂಲ್ ಫೀಸು ಕಟ್ಟಬೇಕು. ಏನು ಮಾಡುವುದು?

ಹಣ ನಿಂತಿದೆ ಎಂದು ಕೋರ್ಟಿಗೆ ತಾನಾಗಿ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ 1975ರ ಕಾನೂನಿನ ನಂತರ ಮಕ್ಕಳ ಜೀವನಾಂಶ ವಸೂಲಿಗೆಂದೇ ಸರ್ಕಾರಿ ಕಚೇರಿಗಳಿವೆ. ನಮ್ಮಲ್ಲಿ ಹಾಗಿಲ್ಲ. ಬಾಕಿಗಾಗಿ ತಾಯಿಯೇ ಮತ್ತೆ ಅರ್ಜಿ ಹಾಕಬೇಕು. ಇದಕ್ಕೆ ಅಮಲ್ಜಾರಿ ಅರ್ಜಿ ಎನ್ನುತ್ತಾರೆ.

ಒಂದು ವರ್ಷದ ಗಡುವು

ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದು ಕರೆಯುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಈ ಕಲಮಿನ ಆದೇಶವಾದರೆ ಹಣ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಹಾಕಬೇಕು. ನಮ್ಮ ಉದಾಹರಣೆಯ ತಾಯಿ ಇವತ್ತು ಅರ್ಜಿ ಹಾಕಿದರೆ 14 ತಿಂಗಳಲ್ಲಿ 12 ತಿಂಗಳ ಬಾಕಿ, ಅಂದರೆ 96,000 ರೂಪಾಯಿ ಮಾತ್ರ ಈ ದಾರಿಯಲ್ಲಿ ಸಿಗುತ್ತದೆ. ಮೊದಲಿನ 16,000 ತಪ್ಪಿಹೋಗುತ್ತದೆ. "ಇವತ್ತಲ್ಲ ನಾಳೆ ಕೊಟ್ಟಾರು" ಎಂದು ಹಿರಿಯರ ಮಾತು ಕೇಳಿ ಕಾಯುವವರು ಕಳೆದುಕೊಳ್ಳುವುದು ಇಲ್ಲೇ.

ಒಂದು ಸಮಾಧಾನ ಇದೆ. ಕರ್ನಾಟಕದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದಂತೆ, ಸಕಾಲದಲ್ಲಿ ಹಾಕಿದ ಅರ್ಜಿ ಇನ್ನೂ ನಡೆಯುತ್ತಿದ್ದರೆ ನಂತರದ ತಿಂಗಳುಗಳ ಬಾಕಿಯನ್ನೂ ಅದರಲ್ಲೇ ಕೇಳಬಹುದು. ಇನ್ನು ಆದೇಶ ಸಿವಿಲ್ ಡಿಕ್ರಿಯಾಗಿದ್ದರೆ ಅಮಲ್ಜಾರಿಗೆ 12 ವರ್ಷದ ಅವಧಿ ಇದೆ. ಹಾಗಾಗಿ ನಿಮ್ಮ ಆದೇಶ ಯಾವ ಕಾನೂನಿನಡಿ ಬಂದಿದೆ ಎಂಬುದನ್ನು ಮೊದಲು ವಕೀಲರಿಂದ ತಿಳಿದುಕೊಳ್ಳಿ.

ಕಲಬುರಗಿ ಆದೇಶ ಉಪ್ಪಲ್‌ನಲ್ಲಿ ನಡೆಯುತ್ತದೆಯೇ?

ಖಂಡಿತ ನಡೆಯುತ್ತದೆ. ಹಣ ಕೊಡಬೇಕಾದವರು ಎಲ್ಲಿದ್ದಾರೋ ಅಲ್ಲಿನ ಮ್ಯಾಜಿಸ್ಟ್ರೇಟರು ಆದೇಶ ಜಾರಿ ಮಾಡಬಹುದು ಎಂದು 147ನೇ ಕಲಂ ಹೇಳುತ್ತದೆ. ಆದೇಶದ ಪ್ರತಿಯನ್ನು ಫಲಾನುಭವಿಗೆ ಉಚಿತವಾಗಿ ಕೊಡಬೇಕೆಂದೂ ಅದೇ ಕಲಮಿನಲ್ಲಿದೆ. ಆದೇಶ ಕನ್ನಡದಲ್ಲಿದ್ದರೆ ಇಲ್ಲಿನ ಕೋರ್ಟಿಗೆ ಇಂಗ್ಲಿಷ್ ಭಾಷಾಂತರ ಬೇಕಾದೀತು, ಮೊದಲೇ ಮಾಡಿಸಿಡಿ. ಇನ್ನೊಂದು ಮಾತು: 2016ರ ಜಿಲ್ಲಾ ವಿಂಗಡಣೆಯಲ್ಲಿ ಉಪ್ಪಲ್ ರಂಗಾರೆಡ್ಡಿಯಿಂದ ಮೇಡ್ಚಲ್–ಮಲ್ಕಾಜ್‌ಗಿರಿ ಜಿಲ್ಲೆಗೆ ಸೇರಿತು. ಹಳೆಯ ಕಾಗದ ನೋಡಿಕೊಂಡು ನೇರ ಎಲ್.ಬಿ. ನಗರಕ್ಕೆ ಹೋಗುವ ಮುಂಚೆ, ಯಾವ ಕೋರ್ಟಿನ ವ್ಯಾಪ್ತಿ ಎಂದು ವಿಚಾರಿಸಿ.

ಉಲ್ಟಾ ಸಂದರ್ಭವೂ ಇದೆ. ತಾಯಿ ಉಪ್ಪಲ್‌ನಲ್ಲಿದ್ದು ತಂದೆ ರಾಯಚೂರಿನಲ್ಲೋ ಬೀದರಿನಲ್ಲೋ ಇದ್ದರೆ, ಜೀವನಾಂಶದ ಹೊಸ ಅರ್ಜಿಯನ್ನು ತಾಯಿ ತಾನಿರುವ ಊರಿನಲ್ಲೇ ಹಾಕಬಹುದು. ಪ್ರತಿ ವಾಯಿದೆಗೂ ಎಂ.ಜಿ.ಬಿ.ಎಸ್‌ನಲ್ಲಿ ಬಸ್ಸು ಹತ್ತಬೇಕಾಗಿಲ್ಲ.

ಖಾತೆಗೆ ತಡೆ ಹೇಗೆ?

ಬ್ಯಾಂಕ್ ಮ್ಯಾನೇಜರರ ಮುಂದೆ ಆದೇಶದ ಪ್ರತಿ ಇಟ್ಟು "ಅವರ ಖಾತೆ ಬಂದ್ ಮಾಡಿ" ಎಂದರೆ ಅವರು ಮಾಡಲಾರರು. ಬ್ಯಾಂಕಿಗೆ ಕೋರ್ಟಿನ ಜಪ್ತಿ ಆದೇಶವೇ ಹೋಗಬೇಕು. ಇದರ ಲೆಕ್ಕ ಸರಳ. ಖಾತೆಯಲ್ಲಿರುವ ಹಣ ಬ್ಯಾಂಕು ಖಾತೆದಾರನಿಗೆ ಕೊಡಬೇಕಾದ ಸಾಲ. ಆ ಸಾಲವನ್ನು ಅವನಿಗೆ ಕೊಡಬೇಡಿ, ಕೋರ್ಟಿಗೆ ಕಟ್ಟಿ ಎಂದು ಕೋರ್ಟು ಬ್ಯಾಂಕಿಗೆ ಹೇಳುತ್ತದೆ. ಜೀವನಾಂಶದ ಆದೇಶವನ್ನು ಹಣದ ಡಿಕ್ರಿಯಂತೆ ಜಾರಿ ಮಾಡಬಹುದೆಂದು ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವಕೀಲರ ಹತ್ತಿರ ಈ ತೀರ್ಪಿನ ಹೆಸರು ಹೇಳಿ.

ಅರ್ಜಿಯಲ್ಲಿ ಬ್ಯಾಂಕಿನ ಹೆಸರು, ಶಾಖೆ, ಖಾತೆ ಸಂಖ್ಯೆ ಇದ್ದರೆ ಕೆಲಸ ಬೇಗ ಆಗುತ್ತದೆ. ಎಲ್ಲಿ ಹುಡುಕುವುದು? ಮೊದಲ ಮೂರು ತಿಂಗಳು ಹಣ ಬಂದಿತ್ತಲ್ಲ, ನಿಮ್ಮ ಪಾಸ್‌ಬುಕ್ಕಿನಲ್ಲೋ ಮೊಬೈಲ್ ಮೆಸೇಜಿನಲ್ಲೋ ಅದರ ಗುರುತು ಇರುತ್ತದೆ. ಹಳೆಯ ಚೆಕ್ಕು, ಸಾಲದ ಕಾಗದ ತೆಗೆದು ನೋಡಿ. ಅದೇ 2020ರ ತೀರ್ಪಿನಂತೆ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು. ಅದರಲ್ಲೂ ಖಾತೆಗಳ ವಿವರ ಸಿಗುತ್ತದೆ.

ಆದರೆ ಖಾತೆಯ ತಡೆ ಬಲೆ ಬೀಸಿದ ಹಾಗೆ. ಆ ಹೊತ್ತಿಗೆ ಇದ್ದ ಮೀನು ಮಾತ್ರ ಸಿಗುತ್ತದೆ. ತಂದೆ ಸಂಬಳದ ಕೆಲಸದಲ್ಲಿದ್ದರೆ ಸಂಬಳದ ಜಪ್ತಿಯೇ ಮೇಲು. ಬೇರೆ ಸಾಲಗಳಿಗೆ ಹೋಲಿಸಿದರೆ ಜೀವನಾಂಶದ ಡಿಕ್ರಿಗೆ ಕಾನೂನು ಹೆಚ್ಚು ಬಲ ಕೊಟ್ಟಿದೆ. ಸಂಬಳದ ಮೂರನೇ ಒಂದು ಪಾಲನ್ನಷ್ಟೇ ಅವರಿಗೆ ಬಿಡಬೇಕು, ಉಳಿದದ್ದು ಜಪ್ತಿಗೆ ಒಳಪಡುತ್ತದೆ. ಪ್ರಾವಿಡೆಂಟ್ ಫಂಡಿಗೆ ಮಾತ್ರ ಕೈ ಹಾಕುವಂತಿಲ್ಲ. ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯಡಿ ಆದೇಶ ಬಂದಿದ್ದರೆ, 20ನೇ ಕಲಂ ಪ್ರಕಾರ ಸಂಬಳದ ಪಾಲನ್ನು ನೇರವಾಗಿ ಹೆಂಡತಿಗೇ ಕೊಡುವಂತೆ ಮ್ಯಾಜಿಸ್ಟ್ರೇಟರು ಕಂಪನಿಗೆ ಸೂಚಿಸಬಹುದು.

ಜೈಲಿಗೆ ಹೋದರೆ ಬಾಕಿ ತೀರಿತೇ?

ಇಲ್ಲ. ವಾರಂಟ್ ಬಂದರೂ ಹಣ ಕಟ್ಟದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಾಗಬಹುದು. ಆದರೆ ಜೈಲು ವಸೂಲಿಯ ಒತ್ತಡವೇ ಹೊರತು ಬಾಕಿಯ ತೀರುವಳಿ ಅಲ್ಲ ಎಂದು 1989ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹೊರಬಂದ ಮೇಲೂ ಹಣ ಕೊಡಲೇಬೇಕು.

ನಿಮ್ಮ ಖಾತೆಗೇ ತಡೆ ಬಿದ್ದಿದ್ದರೆ

ಈ ಮಾತು ತಂದೆಯರಿಗೆ. ಎ.ಟಿ.ಎಂ. ಹಣ ಕೊಡದಿದ್ದಾಗ ಬ್ಯಾಂಕಿನವರ ಜೊತೆ ಜಗಳಕ್ಕಿಳಿಯಬೇಡಿ. ಯಾವ ಕೋರ್ಟು, ಯಾವ ಕೇಸು, ಎಷ್ಟು ಮೊತ್ತ ಎಂದು ಬರವಣಿಗೆಯಲ್ಲಿ ಕೇಳಿ. ಬಾಕಿ 96,000 ಇದ್ದು ಇಡೀ ಖಾತೆ ನಿಂತಿದ್ದರೆ, ತಡೆಯನ್ನು ಅಷ್ಟು ಮೊತ್ತಕ್ಕೆ ಮಾತ್ರ ಮಿತಿಗೊಳಿಸಲು ಕೋರ್ಟನ್ನೇ ಕೇಳಿಕೊಳ್ಳಿ. ಒಂದಿಷ್ಟು ಕಟ್ಟಿ, ಉಳಿದದ್ದಕ್ಕೆ ಕಂತು ಕೋರಬಹುದು. ಕೆಲಸ ಹೋಗಿದ್ದರೆ, ಕಾಯಿಲೆ ಬಿದ್ದಿದ್ದರೆ 146ನೇ ಕಲಮಿನಡಿ ಮೊತ್ತ ಕಡಿಮೆ ಮಾಡಲು ಅರ್ಜಿ ಹಾಕಿ. ಮನಸ್ಸಿಗೆ ಬಂದಂತೆ ಹಣ ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ. ಮಗುವನ್ನು ನೋಡಲು ಬಿಡಲಿಲ್ಲ ಎಂಬ ಸಿಟ್ಟಿಗೆ ಹಣ ತಡೆಯುವುದೂ ಸರಿಯಲ್ಲ. ಭೇಟಿಯ ಹಕ್ಕಿಗೆ ಬೇರೆ ಅರ್ಜಿ ಇದೆ. ಮಗುವಿನ ಹೊಟ್ಟೆ ಅದಕ್ಕಾಗಿ ಕಾಯುವುದಿಲ್ಲ.

ಜಂಟಿ ಖಾತೆ ಇದ್ದವರು ಇನ್ನೂ ಎಚ್ಚರ. ಗಂಡ ಹೆಂಡತಿಯ ಹೆಸರಿನ ಖಾತೆಗೆ ಜಪ್ತಿ ಬಂದರೆ, ಇಲ್ಲವೇ ಒಬ್ಬರು ತಡೆಯಲು ಬ್ಯಾಂಕಿಗೆ ಬರೆದುಕೊಟ್ಟರೆ, ಇನ್ನೊಬ್ಬರ ದುಡಿಮೆಯೂ ಸಿಕ್ಕಿಬೀಳುತ್ತದೆ. ಜಪ್ತಿಯಾದ ಹಣ ನಿಮ್ಮದೆಂದು ಸಂಬಳದ ಚೀಟಿ ಸಮೇತ ಅದೇ ಕೋರ್ಟಿಗೆ ಆಕ್ಷೇಪಣೆ ಸಲ್ಲಿಸಬಹುದು. ಅದಕ್ಕಿಂತ, ಮೊದಲೇ ತಾಯಿ ತನ್ನೊಬ್ಬಳ ಹೆಸರಿನಲ್ಲಿ ಖಾತೆ ತೆರೆದು, ಜೀವನಾಂಶ ಅದಕ್ಕೇ ಬರುವಂತೆ ಆದೇಶದಲ್ಲಿ ಬರೆಸಿಕೊಳ್ಳುವುದು ಜಾಣತನ. ಕೈಯಿಂದ ಕೈಗೆ ಕೊಟ್ಟ ಹಣಕ್ಕೆ ಇಬ್ಬರ ಹತ್ತಿರವೂ ಸಾಕ್ಷಿ ಇರುವುದಿಲ್ಲ.

ವಕೀಲರ ಫೀಸಿನ ಚಿಂತೆಯೇ?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಸಿಗುತ್ತದೆ. ಆದಾಯ ಎಷ್ಟೇ ಇರಲಿ, ಅಡ್ಡಿಯಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181.

ಹೋಗುವಾಗ ಆದೇಶದ ಪ್ರತಿ, ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ಯಾವ ತಿಂಗಳು ಎಷ್ಟು ಬಂತು ಎಷ್ಟು ಬರಲಿಲ್ಲ ಎಂಬ ಒಂದು ಹಾಳೆಯ ಲೆಕ್ಕ ಜೊತೆಗಿರಲಿ. ಆ ಲೆಕ್ಕವನ್ನು ಇವತ್ತು ರಾತ್ರಿಯೇ ಕೂತು ಬರೆಯಿರಿ. ಹಣ ನಿಂತು ಎಷ್ಟು ತಿಂಗಳಾಯಿತು, ವರ್ಷ ತುಂಬಲು ಇನ್ನೆಷ್ಟು ದಿನ ಇದೆ ಎಂದು ಅದರಲ್ಲೇ ಗೊತ್ತಾಗುತ್ತದೆ.