ಕಾಲು ಸುತ್ತು ತಿರುಗುವ ಮಗ್ಗ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ವಳಸಂಗ ಸಿಗುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಪೇಟೆಗೆ ಹೋದರೆ ಮರಾಠಿ, ಚಳಿ ಬಂದರೆ ಸೊಲ್ಲಾಪುರಿ ಚಾದರ. ಜಿಐ ಮನ್ನಣೆ ಪಡೆದ ಈ ಚಾದರದ ಹೂಬಳ್ಳಿಗಳು ಹುಟ್ಟುವುದು ಜಕಾರ್ಡ್ ಮಗ್ಗದಲ್ಲಿ. ಶಾಲೆಯ ಗಣಿತದಲ್ಲಿ ಬರುವ 'ಮೂಲಬಿಂದುವಿನ ಸುತ್ತ ಆಕೃತಿ ತಿರುಗಿಸುವುದು' ಎಂಬ ಪಾಠ ಈ ಯಂತ್ರದ ನಡುವೆಯೇ ಕುಳಿತಿದೆ.

ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಸಾಧನವಿದು. ಹಳೆಯ ಮಾದರಿಯಲ್ಲಿ ಮಗ್ಗದ ಮೇಲುಗಡೆ ಒಂದು ಚೌಕ ದಿಂಡು ಇರುತ್ತದೆ. ನಾಲ್ಕು ಮೂಲೆಯಿದ್ದರೂ ಅದರ ಹೆಸರು ಸಿಲಿಂಡರ್. ಅದರ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಪಳಿ. ತೂತಿದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದಲ್ಲಿ ರಟ್ಟು ಸೂಜಿಯನ್ನು ಹಿಂದೆ ತಳ್ಳುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಹಾಯ್ದು ಒಂದು ಹೊಕ್ಕು ಬೀಳುತ್ತದೆ. ಆಗ ದಿಂಡು 90 ಡಿಗ್ರಿ ತಿರುಗಿ ಮುಂದಿನ ಕಾರ್ಡನ್ನು ಎದುರಿಗೆ ತರುತ್ತದೆ.

ದಿಂಡಿನ ಅಡ್ಡಕೊಯ್ತವನ್ನು ಗ್ರಾಫ್ ಕಾಗದದ ಮೇಲಿಟ್ಟು, ಅಚ್ಚನ್ನು ಮೂಲಬಿಂದು ಎನ್ನೋಣ. ಅದರ ಮೇಲೆ (3, 1) ಎಂಬಲ್ಲಿ ಒಂದು ಗುರುತು. ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ತಿರುಗಿಸಲು ಅಂಕಿಗಳನ್ನು ಅದಲುಬದಲು ಮಾಡಿ, ಈಗ ಮೊದಲು ಬಂದದ್ದರ ಚಿಹ್ನೆ ಬದಲಿಸಬೇಕು: (−1, 3). ಮತ್ತೆ ತಿರುಗಿದರೆ (−3, −1), ಆಮೇಲೆ (1, −3), ನಾಲ್ಕನೆಯದಕ್ಕೆ ಮರಳಿ (3, 1). ಅಚ್ಚಿನಿಂದ ಗುರುತಿಗಿರುವ ದೂರ ಒಮ್ಮೆಯೂ ಬದಲಾಗದು.

ಜಕಾರ್ಡನದೇ ಒಂದು ಭಾವಚಿತ್ರವನ್ನು ಸುಮಾರು 24,000 ಕಾರ್ಡುಗಳಿಂದ ರೇಷ್ಮೆಯಲ್ಲಿ ನೇಯ್ದಿದ್ದರು. ಅಂದರೆ ದಿಂಡಿಗೆ ಸುಮಾರು 6,000 ಪೂರ್ತಿ ಸುತ್ತು! ಅದರ ಒಂದು ಪ್ರತಿಯನ್ನು ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಇಟ್ಟುಕೊಂಡಿದ್ದ. ತನ್ನ ಲೆಕ್ಕಯಂತ್ರಕ್ಕೂ ಇಂಥ ಕಾರ್ಡುಗಳನ್ನೇ ಬಳಸಲು ಯೋಚಿಸಿದ್ದ.

ದಿಂಡು ಸಲೀಸಾಗಿ ತಿರುಗುತ್ತದೆ, ಬಟ್ಟೆಯ ಮೇಲಿನ ಎಲೆ ಅಷ್ಟು ಸುಲಭವಾಗಿ ತಿರುಗುವುದಿಲ್ಲ. ಬಟ್ಟೆಯೂ ಒಂದು ಗ್ರಾಫ್ ಕಾಗದವೇ, ಆದರೆ ಮನೆಗಳು ಸಾಮಾನ್ಯವಾಗಿ ಚೌಕವಲ್ಲ. ಅಂಗುಲಕ್ಕೆ 48 ಹಾಸು, 36 ಹೊಕ್ಕು ಎಂದಿಟ್ಟುಕೊಳ್ಳಿ. ಅಡ್ಡ ಮಲಗಿದ ಎಲೆ 48 ಎಳೆ ಹಿಡಿದರೆ ಅದರ ಉದ್ದ ಒಂದು ಅಂಗುಲ. ಮನೆಗಳನ್ನು ಎಣಿಸಿ ಅದನ್ನೇ ನೆಟ್ಟಗೆ ನಿಲ್ಲಿಸಿದರೆ 48 ಹೊಕ್ಕು, ಅಂದರೆ ಒಂದೂ ಕಾಲಂಗುಲಕ್ಕಿಂತ ಹೆಚ್ಚು. ಜೊತೆಗೆ ಅಗಲವೂ ಸೊರಗುತ್ತದೆ. ಹಾಗಾಗಿ ನಕ್ಷೆ ಬರೆಯುವವರು ಉದ್ದವನ್ನು 36 ಹೊಕ್ಕಿಗೆ ಇಳಿಸಿ ಎಲೆಯನ್ನು ಹೊಸದಾಗಿಯೇ ಬರೆಯಬೇಕು.

ಅರ್ಧ ಸುತ್ತಿಗೆ ಈ ತೊಡಕಿಲ್ಲ. ಹಾಸು ಹಾಸಾಗಿಯೇ, ಹೊಕ್ಕು ಹೊಕ್ಕಾಗಿಯೇ ಉಳಿಯುತ್ತದೆ. ಕಾರ್ಡುಗಳನ್ನು ಕೊನೆಯಿಂದ ಮೊದಲಿಗೆ ಜೋಡಿಸಿ, ಒಂದೊಂದರ ತೂತುಗಳನ್ನೂ ಬಲದಿಂದ ಎಡಕ್ಕೆ ಹೊಡೆದರೆ ಹೂಬಳ್ಳಿ ಅಳತೆ ಕೆಡದೆ ತಿರುಗಿ ನಿಲ್ಲುತ್ತದೆ. ಹೂವಿಗೆ ಇದು ಒಪ್ಪುತ್ತದೆ, ನವಿಲಾದರೆ ಕಾಲು ಮೇಲಾಗಿ ಬೀಳುತ್ತದೆ.