ಸಿಂಗಾಪುರದ ಕಡಲ ತಡಿಯಲ್ಲಿ ಏನು ತಿನ್ನಬೇಕು, ಏನನ್ನು ಕೇಳಿ ತಿನ್ನಬೇಕು

ನಮ್ಮ ಸಂಘದ ಮಾಸಿಕ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದು, "ಸಿಂಗಾಪುರಕ್ಕೆ ಹೋಗಿ ಬಂದಿರಂತೆ. ನಾವೂ ಏಳೆಂಟು ಕುಟುಂಬ ಹೋಗುವವರಿದ್ದೇವೆ. ಅಲ್ಲಿ ಊಟಕ್ಕೇನು ಮಾಡಿದಿರಿ?" ಎಂದು ಕೇಳಿದರು. ಅವರ ಹಿಂದೆಯೇ ನಿಂತಿದ್ದ ಮಹಿಳಾ ವಿಭಾಗದವರೊಬ್ಬರು, "ನಾವಂತೂ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗುವುದು" ಎಂದು ಆಗಲೇ ತೀರ್ಮಾನ ಕೊಟ್ಟಾಗಿತ್ತು. ಕಟ್ಟಿಕೊಂಡು ಹೋಗಲಿ, ತಪ್ಪೇನಿಲ್ಲ. ನಾವೂ ಹೋಗುವಾಗ ಕಟ್ಟಿಕೊಂಡೇ ಹೋಗಿದ್ದೆವು. ಆದರೆ ಅರ್ಧ ಹಾಗೆಯೇ ವಾಪಸು ಬಂತು. ಅದು ಯಾಕೆಂಬುದನ್ನು ಸದಸ್ಯ ಬಂಧುಗಳಿಗೆ ತಿಳಿಸೋಣವೆಂದು ಈ ನಾಲ್ಕು ಮಾತು.

ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. 2024ರ ಡಿಸೆಂಬರಿನಲ್ಲಿ ಬ್ಯಾಂಕಿನಿಂದ ರಜೆ ಹಾಕಿ ನಾನೂ ನನ್ನ ಪತ್ನಿಯೂ ಹತ್ತು ದಿನ ಹೋಗಿದ್ದೆವು. ತಲುಪಿದ ಎರಡನೇ ದಿನವೇ ಮಗಳು, "ಅಪ್ಪಾ, ಇವತ್ತು ಸಮುದ್ರದ ಬದಿಯ ಹಾಕರ್ ಸೆಂಟರಿಗೆ ಹೋಗುವ" ಎಂದಳು. ಹಾಕರ್ ಎಂದೊಡನೆ ಮುಂಬಯಿಯವರಾದ ನಮಗೆ ಕಣ್ಣಿಗೆ ಬರುವುದು ಫುಟ್‌ಪಾತು, ಕೈಗಾಡಿ, ಗಾಡಿ ಹಿಡಿಯುವವರು ಬಂದರೆಂದು ತಿಳಿದಾಗ ಬುಟ್ಟಿ ಎತ್ತಿಕೊಂಡು ಓಡುವ ಜನ. ಸಿಂಗಾಪುರದಲ್ಲೂ ಒಂದು ಕಾಲಕ್ಕೆ ಹೀಗೆಯೇ ಇತ್ತಂತೆ. 1968-69ರಲ್ಲಿ ಅಲ್ಲಿನ ಸರಕಾರ ಬೀದಿಯ ಹಾಕರುಗಳನ್ನೆಲ್ಲ ನೋಂದಾಯಿಸಿ ಲೈಸನ್ಸ್ ಕೊಟ್ಟಿತು. 1971ರಿಂದ 1986ರವರೆಗೆ ನಲ್ಲಿ ನೀರು, ವಿದ್ಯುತ್ತು, ಕಸ ವಿಲೇವಾರಿ ಎಲ್ಲ ಇರುವ ಮಾಡಿನ ಕೆಳಗೆ ಅವರಿಗೆ ಜಾಗ ಮಾಡಿಕೊಟ್ಟಿತು. ಇವೇ ಹಾಕರ್ ಸೆಂಟರುಗಳು. ಇಂದು ಇಂಥವು ನೂರ ಹತ್ತಕ್ಕೂ ಹೆಚ್ಚಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತೆಂಬುದು ಉಲ್ಲೇಖನೀಯ. ಬೀದಿ ಬದಿಯಲ್ಲಿ ಬಾಣಲೆ ಇಟ್ಟವನಿಗೆ ಇಂಥ ಗೌರವ ಸಿಕ್ಕಿದ್ದನ್ನು ಓದಿದಾಗ, ಹದಿನಾಲ್ಕನೇ ವಯಸ್ಸಿಗೆ ಈ ಮುಂಬಯಿಗೆ ಬಂದು ಕ್ಯಾಂಟೀನಿನಲ್ಲಿ ಟೇಬಲ್ ಒರೆಸುತ್ತ ರಾತ್ರಿ ಶಾಲೆ, ಆಮೇಲೆ ಸಂಜೆ ಕಾಲೇಜು ಕಲಿತ ನನ್ನಂಥವನಿಗೆ ಸಂತೋಷವಾಗದೆ ಇದ್ದೀತೆ?

ನಾವು ಹೋದದ್ದು ಈಸ್ಟ್ ಕೋಸ್ಟ್ ಲಗೂನ್ ಫುಡ್ ವಿಲೇಜ್ ಎಂಬಲ್ಲಿಗೆ. ಈಸ್ಟ್ ಕೋಸ್ಟ್ ಪಾರ್ಕ್ ಎಂಬ ಹದಿನೈದು ಕಿಲೋಮೀಟರಿನಷ್ಟು ಉದ್ದದ ಕಡಲ ಬದಿಯ ಉದ್ಯಾನವನದೊಳಗೆ ಇದು ಇದೆ. ಆ ನೆಲವೆಲ್ಲ ಸಮುದ್ರ ತುಂಬಿಸಿ ಮಾಡಿದ್ದು, ನಮ್ಮ ಮರೀನ್ ಡ್ರೈವ್ ಇದ್ದ ಹಾಗೆ. ತೆಂಗಿನ ಮರಗಳ ನಡುವೆ ಮೇಜು ಬೆಂಚುಗಳು, ಎದುರಿಗೆ ಲಂಗರು ಹಾಕಿದ ಹಡಗುಗಳ ಸಾಲು. ಕತ್ತಲಾದ ಮೇಲೆ ಆ ಹಡಗುಗಳ ದೀಪ ನೋಡಿದರೆ ನೀರಿನ ಮೇಲೆ ಇನ್ನೊಂದು ಊರು ಇದೆಯೋ ಅನ್ನಿಸುತ್ತದೆ. ಹೆಚ್ಚಿನ ಅಂಗಡಿಗಳು ತೆರೆಯುವುದು ಸಂಜೆಗೆ. ಮಧ್ಯಾಹ್ನ ಹೋದರೆ ಅರ್ಧ ಮುಚ್ಚಿರುತ್ತವೆ. ವಾರದ ಮೊದಲ ದಿನಗಳಲ್ಲಿ ಕೆಲವರಿಗೆ ರಜೆ. 2024ರ ಜೂನಿನಲ್ಲಿ ಆ ಕಡೆಗೆ ಮೆಟ್ರೋ ಬಂದಿದೆಯಾದರೂ ಸ್ಟೇಷನ್ನಿನಿಂದ ನಡೆಯಲಿಕ್ಕಿದೆ. ಮೊಣಕಾಲು ನೋವಿನವರಿದ್ದರೆ ಟ್ಯಾಕ್ಸಿಯೇ ಲೇಸು.

ಹೋದ ದಿನ ಶನಿವಾರ. ಇದು ನೆನಪಾದದ್ದು ಮೀನು ಸುಡುವ ಪರಿಮಳ ಮೂಗಿಗೆ ಬಡಿದ ಮೇಲೆ. ನನ್ನ ಪತ್ನಿ ಶನಿವಾರ, ಸೋಮವಾರ ಮೀನು ಮಾಂಸ ಮುಟ್ಟುವವಳಲ್ಲ. "ಇವತ್ತು ಶನಿವಾರ ಮಾರಾಯ್ರೆ, ಇಲ್ಲಿಗೆ ಕರಕೊಂಡು ಬಂದಿದ್ದೀರಲ್ಲ!" ಎಂದು ನನ್ನನ್ನೇ ದೂರಿದಳು. ಕರೆದುಕೊಂಡು ಬಂದವಳು ಮಗಳು, ಬೈಗುಳ ನನಗೆ. ಇರಲಿ, ಅದರಿಂದಾಗಿ ಸಸ್ಯಾಹಾರಿಗಳ ಕಷ್ಟ ಏನೆಂಬುದೂ ನಮಗೆ ಪ್ರತ್ಯಕ್ಷ ತಿಳಿಯಿತು.

ಮೊದಲು ಕೂರುವ ಜಾಗ ಹಿಡಿಯಬೇಕು. ಅಲ್ಲಿಯವರು ಮೇಜಿನ ಮೇಲೆ ಟಿಶ್ಯೂ ಕಾಗದದ ಪೊಟ್ಟಣ ಇಟ್ಟು ಹೋಗುತ್ತಾರೆ. ಅದಿದ್ದರೆ ಆ ಮೇಜು ಹೋಯಿತು ಎಂದೇ ಅರ್ಥ. ಊರಿನ ಬಸ್ಸಿನಲ್ಲಿ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಜಿಗೆ ನಂಬರು ಇರುತ್ತದೆ. ಅದನ್ನು ನೆನಪಿಟ್ಟುಕೊಂಡು ಅಂಗಡಿಗೆ ಹೋಗಿ ಹೇಳಿದರೆ ಕೆಲವರು ತಂದುಕೊಡುತ್ತಾರೆ, ಕೆಲವರಲ್ಲಿ ನಾವೇ ಕಾದು ತರಬೇಕು. ಅಂಗಡಿಯವರನ್ನು ಎಲ್ಲರೂ ಅಂಕಲ್, ಆಂಟಿ ಎಂದೇ ಕರೆಯುವುದು.

ಅಲ್ಲಿ ತಿನ್ನಲೇಬೇಕಾದದ್ದು ಯಾವುದೆಂದರೆ ತೊರಕೆ ಮೀನು. ಹೌದು, ನಮ್ಮ ಕರಾವಳಿಯ ತೊರಕೆಯೇ, ಇಲ್ಲಿನ ಮಾರ್ಕೆಟಿನಲ್ಲಿ ಪಾಕಟ್ ಎನ್ನುತ್ತಾರಲ್ಲ ಅದು. ಅಗಲವಾದ ರೆಕ್ಕೆಯ ತುಂಡನ್ನು ಬಾಳೆ ಎಲೆಯ ಮೇಲಿಟ್ಟು, ಮೇಲೆ ಸಂಬಲ್ ಎಂಬ ಕೆಂಪು ಮೆಣಸಿನ ಮಸಾಲೆ ಮೆತ್ತಿ ಸುಡುತ್ತಾರೆ. ಸಂಬಲಿನೊಳಗೆ ಬೆಲಚಾನ್ ಇರುತ್ತದೆ, ಅಂದರೆ ಸಣ್ಣ ಸಿಗಡಿಯನ್ನು ಉಪ್ಪು ಹಾಕಿ ಕೊಳೆಸಿ ಒಣಗಿಸಿದ ಮುದ್ದೆ. ವಾಸನೆ ಜೋರು, ಆದರೆ ಒಣಮೀನು ತಿಂದು ಬೆಳೆದವರಿಗೆ ಅದು ಹೊಸತಲ್ಲ. ಸಣ್ಣ ಹಸಿರು ಲಿಂಬೆ ಕೊಡುತ್ತಾರೆ, ಹಿಂಡಿಕೊಂಡು ತಿನ್ನಬೇಕು. ಮೀನು ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ, ಗಂಟಲಿಗೆ ಚುಚ್ಚುವ ಮುಳ್ಳಿಲ್ಲ, ಮೆತ್ತಗಿನ ಮೂಳೆಯಷ್ಟೆ. ಗಾತ್ರ ನೋಡಿ 12ರಿಂದ 20 ಡಾಲರ್ ಆಗುತ್ತದೆ. ಒಂದು ಡಾಲರಿಗೆ ಅರವತ್ತೈದು ರೂಪಾಯಿ ಹಿಡಿದರೆ, ಒಂದು ತುಂಡು ತೊರಕೆಗೆ ಸಾವಿರ ರೂಪಾಯಿ! ಊರಿನಲ್ಲಿ ಬಡವರ ಮೀನು ಎಂದು ಮೂಗು ಮುರಿಯುವ ತೊರಕೆಗೆ! ಮೂವತ್ತು ವರ್ಷ ಕ್ಯಾಷ್ ಕೌಂಟರಿನಲ್ಲಿ ಕುಳಿತವನಿಗೆ ತುತ್ತು ತುತ್ತಿಗೂ ಲೆಕ್ಕ ಬರುತ್ತದೆ. ನನ್ನ ಅನುಭವದಿಂದ ಹೇಳುತ್ತೇನೆ, ಅಲ್ಲಿ ತಿನ್ನುವಾಗ ಗುಣಾಕಾರ ಮಾಡಬೇಡಿ.

ಎರಡನೆಯದು ಸಾತೆ. ಮಲಯರ ತಿಂಡಿ. ಕೋಳಿ, ಆಡು ಮುಂತಾದ ಮಾಂಸದ ಸಣ್ಣ ತುಂಡುಗಳನ್ನು ಅರಸಿನ ಮಸಾಲೆಯಲ್ಲಿ ನೆನೆಸಿ, ತೆಳ್ಳಗಿನ ಕಡ್ಡಿಗೆ ಚುಚ್ಚಿ ಇದ್ದಿಲಿನ ಕೆಂಡದ ಮೇಲೆ ಬೀಸಣಿಗೆ ಬೀಸುತ್ತ ಸುಡುವುದು. ನಾವು ಹೋದಾಗ ಕಡ್ಡಿಗೆ ಒಂದು ಡಾಲರಿಗಿಂತ ತುಸು ಕಡಿಮೆ ಇತ್ತು, ಹತ್ತು ಕಡ್ಡಿಗಿಂತ ಕಡಿಮೆ ಕೊಡಲಿಲ್ಲ. ಜೊತೆಗೆ ನೆಲಗಡಲೆಯ ಸಿಹಿಖಾರದ ಚಟ್ನಿ, ಸೌತೆಕಾಯಿ, ಹಸಿ ನೀರುಳ್ಳಿ. ಇನ್ನು ಅದರೊಂದಿಗೆ ಬಂದ ಕೆತುಪಾತ್ ನೋಡಿ ನಾನು ಒಂದು ಗಳಿಗೆ ಸುಮ್ಮನಾದೆ. ಎಳೆ ತೆಂಗಿನ ಗರಿಯನ್ನು ಪುಟ್ಟ ಬುಟ್ಟಿಯಂತೆ ಹೆಣೆದು, ಅದರೊಳಗೆ ಅಕ್ಕಿ ತುಂಬಿಸಿ ಬೇಯಿಸಿದ್ದು. ನಮ್ಮಲ್ಲಿ ಮುಂಡುಕನ ಎಲೆಯ ಮೂಡೆಯಿಲ್ಲವೆ, ಹಲಸಿನ ಎಲೆಯ ಕೊಟ್ಟಿಗೆಯಿಲ್ಲವೆ? ಅದೇ ಕುಟುಂಬ. ನಾವು ಅಕ್ಕಿಯನ್ನು ಉದ್ದಿನ ಜೊತೆ ರುಬ್ಬಿ ಸುರಿಯುತ್ತೇವೆ, ಅವರು ಅಕ್ಕಿಯನ್ನು ಹಾಗೆಯೇ ಹಾಕುತ್ತಾರೆ, ಅಷ್ಟೇ ಅಂತರ. ಅಷ್ಟಮಿಯ ದಿನ ಅಮ್ಮ ಅಂಗಳದಲ್ಲಿ ಕುಳಿತು ಮೂಡೆ ಕಟ್ಟುತ್ತಿದ್ದದ್ದು ಸಿಂಗಾಪುರದ ಕಡಲ ಬದಿಯಲ್ಲಿ ನೆನಪಾಗಬೇಕೆ!

ಕ್ಯಾರೆಟ್ ಕೇಕ್ ಎಂಬ ಬೋರ್ಡು ಕಂಡು ನನ್ನ ಪತ್ನಿಗೆ ಆಸೆಯಾಯಿತು. ಶನಿವಾರಕ್ಕೂ ಆಗುತ್ತದೆ, ಸಿಹಿಯೂ ಹೌದು ಎಂದುಕೊಂಡಳು. ಅದರಲ್ಲಿ ಕ್ಯಾರೆಟ್ಟೂ ಇಲ್ಲ, ಅದು ಕೇಕೂ ಅಲ್ಲ. ಅಕ್ಕಿ ಹಿಟ್ಟಿಗೆ ಬಿಳಿ ಮೂಲಂಗಿ ತುರಿ ಸೇರಿಸಿ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ, ಮೊಟ್ಟೆ ಒಡೆದು ಕಾವಲಿಯಲ್ಲಿ ಹುರಿಯುವ ಚೀನೀಯರ ಖಾದ್ಯ. ಬಿಳಿಯದು, ಕರಿಯದು ಎಂದು ಎರಡು ವಿಧ. ಕರಿಯದಕ್ಕೆ ಸಿಹಿ ಸೋಯಾ ರಸ ಸುರಿಯುತ್ತಾರೆ. ಉಳಿದ ಇಡ್ಲಿಯನ್ನು ಒಗ್ಗರಣೆ ಹಾಕಿ ಹುರಿದಂತೆ ಎಂದು ನಾನು ಹೇಳಿದರೆ ಚೀನೀಯರು ಒಪ್ಪಲಾರರು, ನನಗೆ ಮಾತ್ರ ಹಾಗೆಯೇ ಅನ್ನಿಸಿತು. ಬಿಳಿಯದೇ ರುಚಿ. ಸಾತೆಯ ಕಡಲೆ ಚಟ್ನಿಯನ್ನು ಅಕ್ಕಿ ಶಾವಿಗೆಯ ಮೇಲೆ ಸುರಿದು ಕೊಡುವ ಸಾತೆ ಬೀಹೂನ್ ಕೂಡಾ ಇದೆ. ಶಾವಿಗೆಗೆ ಕಾಯಿಹಾಲು ಹಾಕಿ ತಿನ್ನುವ ನಾಲಗೆಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಸುಟ್ಟ ಕೋಳಿ ರೆಕ್ಕೆ, ಚಿಪ್ಪುಮೀನಿನ ಆಮ್ಲೆಟ್, ಬೊಂಡಾಸ್, ಏಡಿ ಎಲ್ಲವೂ ಇವೆ. ಏಡಿಗೆ ತೂಕದ ಮೇಲೆ ದರ, ಮೊದಲೇ ಕೇಳಿಕೊಳ್ಳಿ.

ಇನ್ನು ಕೇಳಿ ತಿನ್ನಬೇಕಾದ ವಿಷಯ. ಬೇರೆ ಬೇರೆ ನೇಮ ನಿಷ್ಠೆಯವರು ಒಟ್ಟಿಗೆ ಹೋಗುವಾಗ ಇದು ಮುಖ್ಯ. ಸಾತೆಯಲ್ಲಿ ದನದ ಮಾಂಸದ್ದೂ ಇರುತ್ತದೆ, ನೋಡಲು ವ್ಯತ್ಯಾಸ ತಿಳಿಯುವುದಿಲ್ಲ. ಮಲಯ ಬೋರ್ಡಿನಲ್ಲಿ ಆಯಾಮ್ ಎಂದರೆ ಕೋಳಿ, ಕಾಂಬಿಂಗ್ ಎಂದರೆ ಆಡು, ಇಕಾನ್ ಮೀನು, ಊದಾಂಗ್ ಸಿಗಡಿ. ದಾಗಿಂಗ್ ಅಥವಾ ಲೆಂಬು ಎಂದಿದ್ದರೆ ದನದ್ದು. ಚೀನೀ ಅಂಗಡಿಗಳಲ್ಲಿ ಹಂದಿಯ ಕೊಬ್ಬಿನಲ್ಲಿ ಹುರಿಯುವುದುಂಟು. ನೆಲಗಡಲೆ ಆಗದವರು ಸಾತೆ ಚಟ್ನಿಯ ಹತ್ತಿರವೂ ಹೋಗಬಾರದು. ಶುದ್ಧ ಸಸ್ಯಾಹಾರಿಗಳಿಗೆ ನಿಜ ಹೇಳಬೇಕೆಂದರೆ ಈ ಕಡಲ ಬದಿ ಕಷ್ಟವೇ. ಹಣ್ಣಿನ ರೊಜಾಕ್‌ಗೂ ಸಿಗಡಿ ಮುದ್ದೆ ಬೀಳುತ್ತದೆ, ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಸಿಗಡಿ ಬೇಡ, ಮೊಟ್ಟೆ ಬೇಡ ಎಂದು ಒಂದೊಂದಾಗಿ ಹೇಳಬೇಕು. ಬೇರೆ ಹಾಕರ್ ಸೆಂಟರುಗಳಲ್ಲಿ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳಿವೆ. ಅಲ್ಲಿ ಕೋಳಿಯಂತೆ, ಮೀನಿನಂತೆ ಕಾಣುವುದೆಲ್ಲ ಸೋಯಾ, ಗೋಧಿಯಿಂದ ಮಾಡಿದ್ದು, ಹೆದರಬೇಡಿ. ಇಡ್ಲಿ ದೋಸೆಯೇ ಬೇಕೆಂದರೆ ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಳ ವಿಲಾಸ್ ಇದೆ.

ನನ್ನ ಪತ್ನಿ ಆ ದಿನ ಹೊಟ್ಟೆ ತುಂಬಿಸಿಕೊಂಡದ್ದು ಎಳನೀರು, ಲಿಂಬೆ ಹಿಂಡಿದ ಕಬ್ಬಿನ ಹಾಲು ಮತ್ತು ಚೆಂಡೋಲ್‌ನಲ್ಲಿ. ಹೆರೆದ ಐಸಿನ ಮೇಲೆ ಹಸಿರು ಬಣ್ಣದ ಅಕ್ಕಿ ಹಿಟ್ಟಿನ ಎಳೆಗಳು, ಕಾಯಿಹಾಲು, ಮೇಲಿಂದ ತಾಳೆ ಜಾತಿಯ ಮರದ ಬೆಲ್ಲದ ಪಾಕ. "ಇದು ಓಲೆಬೆಲ್ಲವೇ, ಬೇರೇನಲ್ಲ" ಎಂದು ಎರಡು ಬಟ್ಟಲು ತಿಂದಳು.

ಕ್ಯಾರೆಟ್ ಕೇಕ್ ಮಾಡುತ್ತಿದ್ದವರು ಎಪ್ಪತ್ತು ದಾಟಿದ ಚೀನೀ ವೃದ್ಧರು. ಗಿರಾಕಿ ಕಡಿಮೆಯಾದಾಗ ಮಗಳ ಸಹಾಯದಿಂದ ಮಾತಿಗಿಳಿದೆ. ನಲವತ್ತು ವರ್ಷದಿಂದ ಕಾವಲಿ ಎದುರು ನಿಂತಿದ್ದಾರಂತೆ. ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದರೆ ಕೈ ಅಲ್ಲಾಡಿಸಿದರು. ಮಗ ಬ್ಯಾಂಕಿನಲ್ಲಿದ್ದಾನೆ. "ಬ್ಯಾಂಕ್ ಗುಡ್. ಏರ್‌ಕಾನ್. ನೋ ಸ್ಮೋಕ್" ಎಂದು ನಕ್ಕರು. ನಾನೂ ಬ್ಯಾಂಕಿನವನೇ ಎಂದು ಮಗಳು ಹೇಳಿದಾಗ ನನ್ನ ಭುಜ ತಟ್ಟಿದರು.

ಆಗ ನನಗೆ ನೆನಪಾದದ್ದು ಅಣ್ಣ. ಡೊಂಬಿವಲಿಯಲ್ಲಿ ಮೂವತ್ತೊಂದು ವರ್ಷ ಸಣ್ಣ ಹೊಟೇಲು ನಡೆಸಿ 2022ರಲ್ಲಿ ಮುಚ್ಚಿದ. ಇಬ್ಬರು ಗಂಡು ಮಕ್ಕಳು, ಒಬ್ಬ ಪುಣೆಯಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ, ಇನ್ನೊಬ್ಬ ಕೆನಡಾದಲ್ಲಿ. ಗಲ್ಲಾದಲ್ಲಿ ಕೂರಲು ಯಾರೂ ಬರಲಿಲ್ಲ. ಬರಬೇಡಿ, ಓದಿ ನೌಕರಿ ಹಿಡಿಯಿರಿ ಎಂದು ಆ ಮಕ್ಕಳಿಗೆ ಬುದ್ಧಿ ಹೇಳಿದವರಲ್ಲಿ ಮೊದಲಿಗ ನಾನೇ. ಅಣ್ಣನ ಸಾಂಬಾರಿನ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಅವನ ಕೈಯಲ್ಲಿ ಮಾತ್ರ ಇದೆ. ನಮ್ಮ ಸಂಘದಲ್ಲೇ ಇಂಥ ಹೊಟೇಲು ಮುಚ್ಚಿದವರನ್ನು ಎಣಿಸಿದರೆ ಎರಡು ಕೈಯ ಬೆರಳು ಸಾಲದು. ಸಿಂಗಾಪುರದಲ್ಲಿ ಹಾಕರುಗಳ ವಯಸ್ಸು ಅರವತ್ತರ ಆಸುಪಾಸಿಗೆ ಬಂದಿದೆಯೆಂದು, ಹಳಬರ ಕೈಗುಣವನ್ನು ಹೊಸಬರಿಗೆ ಕಲಿಸಲು ಸರಕಾರವೇ ತರಬೇತಿ ಯೋಜನೆ ನಡೆಸುತ್ತದೆ. ನಾವು ವರ್ಷಕ್ಕೊಮ್ಮೆ ಹೊಟೇಲು ಉದ್ಯಮಿಗಳಿಗೆ ಶಾಲು ಹೊದೆಸಿ, ಹಣ್ಣುಹಂಪಲು ಕೊಟ್ಟು ಕಳುಹಿಸುತ್ತೇವೆ. ಅವರಲ್ಲಿ ಒಬ್ಬರನ್ನಾದರೂ ಕೂರಿಸಿ ಅಳತೆ ಬರೆದುಕೊಂಡಿದ್ದೇವೆಯೆ?

ಊಟ ಮುಗಿದ ಮೇಲೆ ತಟ್ಟೆಗಳನ್ನು ಮೇಜಿನಲ್ಲೇ ಬಿಟ್ಟು ಏಳಬಾರದು. 2021ರ ಸೆಪ್ಟೆಂಬರಿನಿಂದ ಹಾಕರ್ ಸೆಂಟರುಗಳಲ್ಲಿ ತಿಂದವರೇ ಟ್ರೇ ಎತ್ತಿ ನಿಗದಿತ ಕಪಾಟಿಗೆ ಇಡಬೇಕೆಂಬ ಕಾನೂನು ಜಾರಿಯಲ್ಲಿದೆ. ಮೊದಲ ಸಲ ತಪ್ಪಿದರೆ ಎಚ್ಚರಿಕೆಯ ಪತ್ರ, ಎರಡನೇ ಸಲ 300 ಡಾಲರ್ ದಂಡ, ಅಂದರೆ ಸುಮಾರು ಇಪ್ಪತ್ತು ಸಾವಿರ ರೂಪಾಯಿ. ಹಲಾಲ್ ಅಂಗಡಿಯ ಟ್ರೇಗೆ ಬೇರೆ ಕಪಾಟು, ಉಳಿದವಕ್ಕೆ ಬೇರೆ, ನೋಡಿ ಇಡಬೇಕು. ನಾನು ತಟ್ಟೆಗಳನ್ನು ದೊಡ್ಡದರ ಮೇಲೆ ಸಣ್ಣದು ಪೇರಿಸಿ, ಲೋಟಗಳನ್ನು ಬೆರಳಿಗೆ ಸಿಕ್ಕಿಸಿ, ಒಂದೇ ಸಲಕ್ಕೆ ಎತ್ತಿಕೊಂಡು ಹೋದೆ. ಮಗಳು ಬೆರಗಾಗಿ ನೋಡಿದಳು. "ನಿನ್ನಪ್ಪ ಕ್ಯಾಂಟೀನಿನಲ್ಲಿ ಕಲಿತದ್ದು, ಮರೆತಿಲ್ಲ" ಎಂದಳು ಅವಳ ಅಮ್ಮ.

ಮರುದಿನ ಭಾನುವಾರ. ಬೇರೆಲ್ಲೋ ಹೋಗುವ ಯೋಜನೆ ಇತ್ತು. ಸಂಜೆ ನಾಲ್ಕಕ್ಕೆ ನನ್ನ ಪತ್ನಿಯೇ ಸೀರೆ ಬದಲಿಸಿ ಹೊರಟು ನಿಂತು, ನಿನ್ನೆಯ ಸಮುದ್ರಕ್ಕೇ ಹೋಗುವ ಎಂದಳು. ತೊರಕೆ ಬಂತು. ಮುಕ್ಕಾಲು ಪಾಲು ಅವಳೇ ತಿಂದು, ಇದು ನಮ್ಮಮ್ಮನ ತೊರಕೆ ಗಸಿಯ ಹತ್ತಿರವೂ ಬರುವುದಿಲ್ಲ ಎಂದು ತೀರ್ಪು ಕೊಟ್ಟಳು. ಆಮೇಲೆ ಮಗಳ ಕಡೆ ತಿರುಗಿ, ಆ ಕೆಂಪು ಮಸಾಲೆ ಇನ್ನೊಂದು ತಟ್ಟೆ ಕೇಳಿದರೆ ಕೊಡುತ್ತಾರೋ ಕೇಳು ಎಂದಳು.